ಗಾಲಿಯ ಮೇಲಿನ ಬಿಡಾರ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳಲ್ಲಿ ಹುಟ್ಟಿ ಬೆಳೆದವರಿಗೆ ಬೆಟ್ಟವೆಂಬುದು ಬಹುಮಟ್ಟಿಗೆ ಕೇಳಿದ ಮಾತೇ ಹೊರತು ಕಂಡ ವಸ್ತುವಲ್ಲ. ನೆಲವು ಕರಿದು, ಬಾನು ವಿಶಾಲವಾದುದು, ಬಿಳಿಜೋಳದ ಹೊಲವು ಎಲ್ಲಿ ಮುಗಿಯುವುದೋ ಅಲ್ಲಿಂದಲೇ ಆಕಾಶವು ಮೊದಲಾಗುವುದು. ಇಂತಹ ಬಯಲಿನ ಜನರ ಮನಸ್ಸು ವರ್ಷಕ್ಕೊಮ್ಮೆ, ಫಾಲ್ಗುಣವು ಮುಗಿಯುತ್ತ ಬಂದು ಯುಗಾದಿಯು ಸಮೀಪಿಸುತ್ತಲೇ, ದೂರದ ಒಂದು ಬೆಟ್ಟದ ಕಡೆಗೆ ಹೊರಳುವುದು. ಅದು ಶ್ರೀಶೈಲ. ಆಂಧ್ರಪ್ರದೇಶದ ನಂದ್ಯಾಲ ಜಿಲ್ಲೆಯ ನಲ್ಲಮಲ ಕಾಡಿನ ನಡುವೆ, ಕೃಷ್ಣೆಯ ಕಮರಿಯ ಮೇಲೆ ಅದು ನೆಲೆಗೊಂಡಿದೆ. ತೆಲುಗಿನಲ್ಲಿ ನಲ್ಲಮಲ ಎಂದರೆ ಕರಿಯ ಬೆಟ್ಟ. ಕರಿಯ ನೆಲದವರು ಕರಿಯ ಬೆಟ್ಟಕ್ಕೆ ಹೋಗುವುದು ಸಹಜವೆಂದು ಹಿರಿಯರು ನಗೆಯಾಡುವುದುಂಟು.

ವಿಚಾರಿಸಿ ನೋಡಿದರೆ, ಈ ಯಾತ್ರೆಯನ್ನು ಜನರಿಗಿಂತ ಮೊದಲೇ ಕೈಕೊಂಡುದು ಈ ನಾಡಿನ ನೀರು. ಇಂಡಿ ಸಿಂದಗಿಗಳ ಅಂಚನ್ನು ತೊಳೆಯುವ ಭೀಮೆ, ಬಾಗೇವಾಡಿಯ ಎರೆಯನ್ನು ಬಗೆದು ಹರಿಯುವ ಡೋಣಿ, ಮುದ್ದೇಬಿಹಾಳದ ದಕ್ಷಿಣಕ್ಕೆ ಮಲಗಿದ ಕೃಷ್ಣೆ, ಇವು ಮೂರೂ ಬೇರೆ ಬೇರೆ ಕಡೆಗಳಲ್ಲಿ ಕೂಡಿಕೊಂಡು, ಕರ್ನೂಲಿನ ಕಡೆಯಿಂದ ಬರುವ ತುಂಗಭದ್ರೆಯನ್ನೂ ಬೆರೆಸಿಕೊಂಡು, ಕೊನೆಗೆ ಶ್ರೀಶೈಲದ ಅಡಿಯಲ್ಲಿ ಪಾತಾಳಗಂಗೆಯೆಂಬ ಹೆಸರು ಪಡೆಯುವವು. ಆಲಮಟ್ಟಿಯಲ್ಲಿ ಈ ನೀರು ತುಂಬಿ ನಿಂತಾಗ ಸಮುದ್ರಮಟ್ಟದಿಂದ 519.6 ಮೀಟರು ಎತ್ತರದಲ್ಲಿರುವುದು. ಶ್ರೀಶೈಲದ ಜಲಾಶಯವು ತುಂಬಿದಾಗ ಅದೇ ನೀರು 885 ಅಡಿ, ಅಂದರೆ ಸುಮಾರು 270 ಮೀಟರಿನ ಮಟ್ಟಕ್ಕೆ ಇಳಿದಿರುವುದು. ನೀರು ಇಳಿಯುತ್ತ ಮುಟ್ಟುವ ಕ್ಷೇತ್ರವನ್ನು ಮನುಷ್ಯರು ಬೆಟ್ಟವನ್ನೇರಿ ಮುಟ್ಟುವರು.

ಬಾಗೇವಾಡಿ ತಾಲೂಕಿನ ಒಬ್ಬ ನಿವೃತ್ತ ಶಾಲಾಮಾಸ್ತರರ ಮನೆಯಲ್ಲಿ ಈ ಯಾತ್ರೆಯ ವಿಷಯವಾಗಿ ಒಂದು ತೊಡಕು ಹುಟ್ಟಿತ್ತು. ಅವರ ತಾಯಿ, ಮನೆಯವರೆಲ್ಲರೂ 'ಆಯಿ' ಎಂದು ಕರೆಯುವ ಮುದುಕಿ, ಎಂಬತ್ತರ ಸಮೀಪದವಳು. ಅವಳ ತವರೂರು ಹಳೆಯ ಕೊಲ್ಹಾರದ ಹತ್ತಿರದ ಒಂದು ಚಿಕ್ಕ ಹಳ್ಳಿ. 1964ರ ಮೇ 22ರಂದು ಲಾಲ್ ಬಹಾದ್ದೂರ ಶಾಸ್ತ್ರಿಗಳು ಅಡಿಗಲ್ಲನ್ನಿಟ್ಟ ಆಲಮಟ್ಟಿಯ ಅಣೆಕಟ್ಟು ಬಹುಕಾಲದ ಮೇಲೆ ಪೂರ್ಣಗೊಂಡು, ಅದರ ಹಿನ್ನೀರು ಏರತೊಡಗಿದಾಗ, ಆ ಹಳ್ಳಿಯೂ ಹಳೆಯ ಕೊಲ್ಹಾರದಂತೆ ನೀರ ಕೆಳಗಾಯಿತು. ಜನರಿಗೆ ಮೇಲಿನ ನೆಲದಲ್ಲಿ ಹೊಸ ಊರು ದೊರೆಯಿತು, ಹೆಸರು ಹಳೆಯದೇ ಉಳಿಯಿತು. ಆದರೆ ಅಣ್ಣತಮ್ಮಂದಿರು ಪರಿಹಾರದ ಹಣವನ್ನು ಹಂಚಿಕೊಂಡು ಒಬ್ಬೊಬ್ಬರು ಒಂದೊಂದು ಪಟ್ಟಣ ಸೇರಿದರು. ಆಯಿಗೆ ಪಂಚಮಿಯ ಹಬ್ಬಕ್ಕೆ ಹೋಗಲು ಒಂದು ಹೊಸ್ತಿಲು ಉಳಿಯಲಿಲ್ಲ. ಹೊಸ ಊರಿಗೆ ಅವಳು ಒಮ್ಮೆಯೂ ಕಾಲಿಟ್ಟವಳಲ್ಲ.

ಕನ್ನಡ ಯಾತ್ರಿಕರು ಶ್ರೀಶೈಲದ ಭ್ರಮರಾಂಬೆಯನ್ನು ತಮ್ಮ ಮನೆಮಗಳೆಂದೂ ಮಲ್ಲಿಕಾರ್ಜುನನನ್ನು ಅಳಿಯನೆಂದೂ ಭಾವಿಸುವರು. ಯುಗಾದಿಗೆ ಸೀರೆ, ಕುಪ್ಪಸ, ಅರಿಷಿಣ, ಕುಂಕುಮಗಳನ್ನು ಕೊಂಡುಹೋಗಿ ಮಗಳಿಗೆ ಉಡಿ ತುಂಬುವರು. ಅತ್ತ ಆ ಕಾಡಿನ ಚೆಂಚರು ಮಲ್ಲಯ್ಯನು ತಮ್ಮ ಹುಡುಗಿಯನ್ನು ಮದುವೆಯಾದವನೆಂದೂ ಹೀಗಾಗಿ ತಮಗೇ ಅಳಿಯನೆಂದೂ ಹೇಳುವರು. ದೇವರಿಗೆ ಇಷ್ಟು ಮಂದಿ ಬೀಗರಿರುವಾಗ ಬೆಟ್ಟದ ಮೇಲೆ ಯಾರೂ ಪರಕೀಯರಲ್ಲ. ತವರು ಮುಳುಗಿದ ವರ್ಷ ಆಯಿ ಒಂದು ಹರಕೆ ಹೊತ್ತಳು: ತನಗೆ ತವರಿಲ್ಲದಿದ್ದರೂ ತಾನೇ ಆ ಮಗಳಿಗೆ ತವರಾಗಿ, ಹನ್ನೊಂದು ಯುಗಾದಿ ಕಾಲ್ನಡಿಗೆಯಲ್ಲಿ ಹೋಗಿ ಉಡಿ ತುಂಬುವೆನೆಂದು. ಹತ್ತು ಸಲ ಕಂಬಿಯ ಸಂಗಡ ನಡೆದಳು. ಆಮೇಲೆ ಗಂಡನ ಬೇನೆ, ಅವನ ಸಾವು, ಮೊಣಕಾಲುಗಳ ನೋವು ಒಂದಾದ ಮೇಲೊಂದು ಬಂದು ಹನ್ನೊಂದನೆಯದು ಹಾಗೆಯೇ ಉಳಿಯಿತು.

"ಯವ್ವಾ, ಈ ಸಲ ಗಾಡ್ಯಾಗ ಹೋಗೂಣು" ಎಂದು ಮಾಸ್ತರರು ಪ್ರಸ್ತಾಪಿಸಿದಾಗ ಆಯಿ ಮುಖ ತಿರುಗಿಸಿದಳು.

"ಗಾಡ್ಯಾಗ ಹೋದರ ಊರು ನೋಡಿಧಂಗ ಆಗತೈತಿ, ಹರಕಿ ತೀರಿಧಂಗ ಆಗೂದಿಲ್ಲ, ತಮ್ಮಾ."

ಮಾಸ್ತರರು ಶಾಸ್ತ್ರ ಹೇಳಲಿಲ್ಲ. ಅಟ್ಟದ ಮೇಲೆ ಬಿದ್ದಿದ್ದ ಹಳೆಯ ಕೊಲ್ಲಾರಿ ಬಂಡಿಯ ಬಿದಿರಿನ ಕಮಾನುಗಳನ್ನು ಇಳಿಸಿ, ಮಗನ ಸರಕಿನ ಟೆಂಪೋಕ್ಕೆ ಅವನ್ನು ಬಾಗಿಸಿ ಕಟ್ಟಿದರು. ಮೇಲೆ ತಾಡಪತ್ರಿ ಹೊದಿಸಿದರು. ಒಳಗೆ ಹುಲ್ಲು ಹಾಸಿ, ಹುಲ್ಲಿನ ಮೇಲೆ ಕೌದಿ ಹಾಸಿದರು. ಆಯಿ ಅಂಗಳಕ್ಕೆ ಬಂದು ಕಮಾನನ್ನು ಮುಟ್ಟಿ ನೋಡಿದಳು. ಅದೇ ಕಮಾನಿನ ಕೆಳಗೆ ಕುಳಿತು ಅವಳು ಮದುವೆಯಾದ ಹೊಸದರಲ್ಲಿ ತವರಿನಿಂದ ಈ ಮನೆಗೆ ಬಂದಿದ್ದಳು. ಆಗ ಏನೂ ಮಾತಾಡಲಿಲ್ಲ. ರಾತ್ರಿ ಮಾತ್ರ "ಸೀರಿ ಹಸರದು ತರಬೇಕು" ಎಂದಳು. ಮನೆಯವರು ಅದನ್ನೇ ಒಪ್ಪಿಗೆಯೆಂದು ತಿಳಿದರು.

ಹೊರಡುವ ಹೊತ್ತಿಗೆ ಟೆಂಪೋದಲ್ಲಿ ನಾಲ್ಕು ತಾಲೂಕುಗಳೂ ಬಂದು ಕೂಡಿದವು. ಮಾಸ್ತರರ ಹೆಂಡತಿಯ ತವರು ಇಂಡಿ. ಅಲ್ಲಿಂದ ಒಂದು ಚೀಲ ಲಿಂಬೆಹಣ್ಣು ಬಂದಿತು. 2023ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯನ್ನು ಪಡೆದ ಆ ಹಣ್ಣಿನ ಅಭಿಮಾನ ಅವರ ಮನೆಯಲ್ಲಿ ಸ್ವಲ್ಪ ಹೆಚ್ಚೇ. ತಂಗಿಯನ್ನು ಸಿಂದಗಿಗೆ ಕೊಟ್ಟಿತ್ತು. ಅವಳು ಸಜ್ಜೆಯ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿಗಳ ಗಂಟಿನೊಡನೆ ಬಂದಳು. ಸೊಸೆ ಮುದ್ದೇಬಿಹಾಳದವಳು, ಮಾದಲಿ ಅವಳ ಪಾಲಿನದಾಯಿತು. ಆಯಿ ಹಿಡಿದುಕೊಂಡುದು ಹಸಿರು ಸೀರೆ, ಮತ್ತು ಒಂದು ತಾಮ್ರದ ತಂಬಿಗೆಯಲ್ಲಿ ಆಲಮಟ್ಟಿಯ ಹಿನ್ನೀರು.

ಕಾಲೇಜಿನಲ್ಲಿ ಓದುವ ಮೊಮ್ಮಗನು ದಾರಿಯುದ್ದಕ್ಕೂ ಪರದೇಶದ ಸುದ್ದಿ ಹೇಳಿದನು. ಅಮೇರಿಕೆಯಲ್ಲಿ ಗಾಲಿಯ ಮೇಲೆಯೇ ಮನೆಗಳನ್ನು ಕಟ್ಟಿರುವರಂತೆ. ಅದರೊಳಗೇ ಒಲೆ, ಹಾಸಿಗೆ, ಬಚ್ಚಲು. ಬೆಟ್ಟದ ದಾರಿಗಳಲ್ಲಿ ವಿಹರಿಸುತ್ತ ಹೋಗಿ, ಸಂಜೆಯಾದೊಡನೆ ಅಂತಹ ಮನೆಗಳಿಗಾಗಿಯೇ ಇರುವ ಒಂದು ತೋಪಿನಲ್ಲಿ ಬಾಡಿಗೆ ತೆತ್ತು ನಿಲ್ಲುವರಂತೆ. ವಿದ್ಯುತ್ತಿನ ತಂತಿಯನ್ನೂ ನೀರಿನ ಕೊಳವೆಯನ್ನೂ ಜೋಡಿಸಿಕೊಂಡರೆ ಬಿಡಾರ ಸಿದ್ಧವಂತೆ. ಆಯಿ ಇದನ್ನೆಲ್ಲ ಕೇಳಿ, "ಅವರಿಗೂ ತವರು ಮುಳಗೇತೇನು?" ಎಂದಳು. ಮೊಮ್ಮಗನಿಗೆ ಉತ್ತರ ಹೊಳೆಯಲಿಲ್ಲ.

ಮುದ್ದೇಬಿಹಾಳ, ನಾಲತವಾಡಗಳನ್ನು ದಾಟಿ ನಾರಾಯಣಪುರದ ಜಲಾಶಯವನ್ನು ನೋಡಿಕೊಂಡು ಲಿಂಗಸುಗೂರಿನ ದಾರಿ ಹಿಡಿದರು. ರಾಯಚೂರು ಕಳೆದು, ತುಂಗಭದ್ರೆಯ ದಂಡೆಯ ಕರ್ನೂಲನ್ನು ಮುಟ್ಟುವ ಹೊತ್ತಿಗೆ ಬಿಸಿಲು ತಗ್ಗಿತ್ತು. ದಾರಿಯ ಎರಡೂ ಮಗ್ಗುಲಿಗೆ ಪಾದಯಾತ್ರಿಗಳ ಸಾಲು. ತಲೆಗೆ ವಸ್ತ್ರ ಸುತ್ತಿದವರು, ಕಂಬಿ ಹೊತ್ತವರು, ಮರಗಾಲು ಕಟ್ಟಿ ನಡೆಯುವವರು, ಹೆಗಲ ಮೇಲೆ ಕೂಸನ್ನು ಕೂರಿಸಿಕೊಂಡವರು. ಅಲ್ಲಲ್ಲಿ ದಾಸೋಹದ ಚಪ್ಪರಗಳು. ಟೆಂಪೋ ಒಂದೊಂದು ಗುಂಪನ್ನು ಹಿಂದೆ ಹಾಕಿದಾಗಲೂ ಆಯಿ ಸೆರಗನ್ನು ಮುಖದ ಮೇಲೆ ಎಳೆದುಕೊಳ್ಳುವಳು. ಧೂಳಿಗಾಗಿ ಎಂದು ಉಳಿದವರು ತಿಳಿದರು. ಮಾಸ್ತರರಿಗೆ ಕಾರಣ ತಿಳಿದಿತ್ತು.

ಕಾಡಿನ ಬಾಗಿಲನ್ನು ರಾತ್ರಿ ಮುಚ್ಚುವರಾದುದರಿಂದ ಅಂದು ಆತ್ಮಕೂರಿನಲ್ಲಿ ತಂಗಿದರು. ಬೆಳಿಗ್ಗೆ ಅಲ್ಲಿ ಎರಡು ದಾರಿಗಳು ಬೇರೆಯಾಗುವವು. ಪಾದಚಾರಿಗಳು ವೆಂಕಟಾಪುರದಿಂದ ಕಾಡು ಹೊಕ್ಕು, ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳಗಳನ್ನು ದಾಟಿ, ಕಡಿದಾದ ಮೆಟ್ಟಲುಗಳನ್ನೇರಿ ಕೈಲಾಸಬಾಗಿಲಿಗೆ ಬರುವರು. ವಾಹನಗಳು ಸುತ್ತು ಹಾಕಿ ದೋರ್ನಾಲದ ಮೇಲಿಂದ ಏರಬೇಕು. ಆ ಕವಲಿನ ಹತ್ತಿರ ಆಯಿ ಟೆಂಪೋ ನಿಲ್ಲಿಸಹೇಳಿದಳು. ಇಳಿದು, ಕೋಲೂರಿ, ಕಾಲುದಾರಿಯ ಕಡೆಗೆ ಹತ್ತು ಹೆಜ್ಜೆ ನಡೆದಳು, ನಿಂತಳು, ಮೊಣಕಾಲು ಹಿಡಿದುಕೊಂಡಳು. ಯಾರೂ ಹತ್ತಿರ ಹೋಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಹಿಂದಿರುಗಿ ಬಂದು, "ನಡೀರಿ, ಹೊತ್ತಾಗತೈತಿ" ಎಂದಳು.

ಆತ್ಮಕೂರಿನಿಂದ ದೋರ್ನಾಲದವರೆಗೂ, ಅಲ್ಲಿಂದ ಸುಮಾರು 50 ಕಿಲೋಮೀಟರು ಶ್ರೀಶೈಲದವರೆಗೂ ಇರುವ ದಾರಿ ಬಯಲಿನವರಿಗೆ ಒಂದು ಆಶ್ಚರ್ಯವೇ ಸರಿ. ಇದು ನಾಗಾರ್ಜುನಸಾಗರ ಶ್ರೀಶೈಲ ಹುಲಿ ಅಭಯಾರಣ್ಯದ ಸೀಮೆ. ಭಾರತದ ಹುಲಿ ಅಭಯಾರಣ್ಯಗಳಲ್ಲೆಲ್ಲ ವಿಸ್ತಾರದಲ್ಲಿ ದೊಡ್ಡದು. ವಸಂತದ ಮೊದಲಾದುದರಿಂದ ತೇಗವೂ ಮತ್ತಿಯೂ ಎಲೆ ಉದುರಿಸಿ ನಿಂತಿದ್ದವು. ಬಿದಿರು ಒಣಗಿ ಹಳದಿಯಾಗಿತ್ತು. ನಡುನಡುವೆ ಮುತ್ತುಗದ ಮರಗಳು ಮಾತ್ರ ಒಂದೆಲೆಯೂ ಇಲ್ಲದೆ ಕೆಂಪು ಹೂಗಳಿಂದ ತುಂಬಿದ್ದವು. ಒಂದು ತಿರುವಿನಲ್ಲಿ ಕಣಿವೆ ಎಡಕ್ಕಿರುವುದು, ಮುಂದಿನದರಲ್ಲಿ ಬಲಕ್ಕೆ. ಬಯಲಿನಲ್ಲಿ ದಾರಿಯು ತಾನು ಹೋಗುವ ಊರನ್ನು ಹರದಾರಿಯ ಮೊದಲೇ ತೋರಿಸಿಬಿಡುವುದು. ಬೆಟ್ಟದ ದಾರಿಯು ಮುಂದಿನ ನೂರು ಮಾರಿನ ಗುಟ್ಟನ್ನೂ ಬಿಟ್ಟುಕೊಡದು. ಮೊಮ್ಮಗನು ಹಿಗ್ಗಿದನು, ಸೊಸೆ ಕಣ್ಣು ಮುಚ್ಚಿಕೊಂಡು ಲಿಂಬೆಹಣ್ಣು ಮೂಸುತ್ತ ಕುಳಿತಳು. ಇಂಡಿಯ ಹಣ್ಣಿನ ಉಪಕಾರವನ್ನು ಆ ದಿನ ಎಲ್ಲರೂ ಒಪ್ಪಿಕೊಂಡರು.

ಕ್ಷೇತ್ರಕ್ಕಿಂತ ಸುಮಾರು 8 ಕಿಲೋಮೀಟರು ಮೊದಲು ಶಿಖರೇಶ್ವರ ಸಿಗುವುದು. ಅದು ಸುಮಾರು 2800 ಅಡಿಯ ಎತ್ತರ. ಅಲ್ಲಿಯ ನಂದಿಯ ಕೋಡುಗಳ ನಡುವಿನಿಂದ ದೂರದ ದೇವಾಲಯದ ಶಿಖರವನ್ನು ಕಂಡವರಿಗೆ ಮರುಹುಟ್ಟಿಲ್ಲವೆಂದು ನಂಬಿಕೆ. ಮಾಸ್ತರರು ಭೂಗೋಲ ಕಲಿಸಿದವರು. ಸುಮ್ಮನಿರಲಾರದೆ ಒಂದು ಸಂಗತಿಯನ್ನು ಹೇಳಿದರು. ಶ್ರೀಶೈಲದ ಗುಡಿ ಇರುವುದು ಸುಮಾರು 1500 ಅಡಿಯ ಮೇಲೆ. ಬಾಗೇವಾಡಿ ಇರುವುದು ಸುಮಾರು 2000 ಅಡಿಯ ಮೇಲೆ. ಇಷ್ಟೆಲ್ಲ ಹತ್ತಿ ಬಂದು ಮುಟ್ಟುವ ದೇವರು ನಮ್ಮ ಅಂಗಳಕ್ಕಿಂತ ತಗ್ಗಿನಲ್ಲಿಯೇ ಇರುವನು. ಉಳಿದವರು ನಕ್ಕರು. ಆಯಿ ನಗಲಿಲ್ಲ. "ಮಗಳ ಮನಿ ಅಂದ ಬಳಿಕ ಹತ್ತೂದು ಇಳಿಯೂದು ಎರಡೂ ಇರತಾವು" ಎಂದು ಹೇಳಿ, ಕೈಮರೆ ಮಾಡಿಕೊಂಡು ಬಹಳ ಹೊತ್ತು ಶಿಖರವನ್ನು ನೋಡಿದಳು.

ಇನ್ನು ಬಿಡಾರದ ಮಾತು. ಊರ ಹೊರಗಿನ ಒಂದು ವಿಶಾಲ ಬಯಲಿನಲ್ಲಿ ನೂರಾರು ಗಾಡಿಗಳು ಊರೂರಿಗೆ ಸಾಲು ಹಿಡಿದು ನಿಂತಿದ್ದವು. ಬಿಡಾರ ಹೂಡುವುದೂ ಒಂದು ವಿದ್ಯೆ; ಅದನ್ನು ಬಲ್ಲವಳು ಆಯಿಯೊಬ್ಬಳೇ. ಗಾಳಿ ಎತ್ತಣಿಂದ ಬರುವುದೆಂದು ಸೆರಗಿನ ತುದಿಯನ್ನು ಹಿಡಿದು ನೋಡಿ, ಟೆಂಪೋದ ಬೆನ್ನನ್ನು ಆ ಕಡೆಗೆ ಮಾಡಿಸಿದಳು. ಗಾಲಿಗಳಿಗೆ ಕಲ್ಲು ಕೊಡಿಸಿದಳು. ತಾಡಪತ್ರಿಯ ಒಂದು ಅಂಚನ್ನು ಗಾಡಿಗೂ ಇನ್ನೊಂದನ್ನು ಎರಡು ಗಳುಗಳಿಗೂ ಕಟ್ಟಿಸಿ ಪಡಸಾಲೆ ಮಾಡಿಸಿದಳು. ನೆಲ ಗುಡಿಸಿ, ನೀರು ಚಿಮುಕಿಸಿ, ಎರಡೆಳೆಯ ರಂಗೋಲಿ ಹಾಕಿದಳು. ಆಮೇಲೆ ಮೂರು ಕಲ್ಲುಗಳನ್ನು ತರಿಸಿ ಒಲೆ ಹೂಡಿದಳು. ಕಾಡಿಗೆ ಕಿಚ್ಚಿನ ಭಯವಿರುವುದರಿಂದ ಕಟ್ಟಿಗೆ ಉರಿಸಬಾರದೆಂದು ಮಾಸ್ತರರು ನೆನಪಿಸಿದರು. ಗ್ಯಾಸಿನ ಒಲೆಯನ್ನು ಮನೆಯಿಂದಲೇ ತಂದಿದ್ದಿತು. "ಒಲಿ ನಿಂದು ಇರಲಿ, ಕಲ್ಲು ನಂದು ಇರಲಿ" ಎಂದಳು ಆಯಿ. ಮೂರು ಕಲ್ಲುಗಳ ನಡುವೆ ಗ್ಯಾಸಿನ ಒಲೆಯು ಮದುವೆಯ ಹಸೆಯ ಮೇಲೆ ಕುಳಿತ ವರನಂತೆ ಕುಳಿತುಕೊಂಡಿತು.

ನೀರಿನ ಟ್ಯಾಂಕರು ದಿನಕ್ಕೆರಡು ಸಲ ಬರುತ್ತಿತ್ತು. ನೆರೆಯಲ್ಲಿ ಸೊಲ್ಲಾಪುರದ ಕಡೆಯ ಒಂದು ಕುಟುಂಬವಿತ್ತು. ಅವರ ಗಾಡಿಯಿಂದ ಒಂದು ದೀಪಕ್ಕೆ ತಂತಿ ದೊರೆಯಿತು, ಇವರ ಚೀಲದಿಂದ ಅವರಿಗೆ ಲಿಂಬೆಹಣ್ಣು ಹೋಯಿತು. ಮರಾಠಿ ಬೆರೆತ ಅವರ ಕನ್ನಡವೂ ಬಾಗೇವಾಡಿಯ ಕನ್ನಡವೂ ಹಿಂಡಿಯ ರುಚಿಯ ವಿಷಯದಲ್ಲಿ ಬೇಗನೆ ಒಂದಾದವು. ಸೊನ್ನಲಿಗೆಯ ಸಿದ್ಧರಾಮನೂ ಬಾಲ್ಯದಲ್ಲಿ ಮಲ್ಲಯ್ಯನನ್ನು ಅರಸಿಕೊಂಡು ಇದೇ ಬೆಟ್ಟಕ್ಕೆ ಬಂದನೆಂಬುದನ್ನೂ, ಅಕ್ಕಮಹಾದೇವಿಯು ಕದಳಿಯನ್ನು ಸೇರಿದುದು ಇಲ್ಲಿಯೇ ಎಂಬುದನ್ನೂ ಮಾಸ್ತರರು ಎರಡೂ ಮನೆಯ ಮಕ್ಕಳಿಗೆ ಹೇಳಿದರು. ಸಂಸಾರಕ್ಕೆ ಇಷ್ಟೇ ಸಾಕಾಗುವಾಗ ಊರಿನ ಮನೆಯ ಎಂಟು ಅಂಕಣಗಳಲ್ಲಿ ಏನು ತುಂಬಿದ್ದೇವೆಂದು ಮಾಸ್ತರರ ಹೆಂಡತಿ ನೆನೆನೆನೆದು ಬೆರಗುಪಟ್ಟರು.

ಮರುದಿನ ಆಯಿ ಪಾತಾಳಗಂಗೆಗೆ ಹೋಗಿ ತಂಬಿಗೆಯ ನೀರನ್ನು ಅಲ್ಲಿಯ ನೀರಿಗೆ ಸುರಿದಳು. ದೇವಿಗೆ ಹಸಿರು ಸೀರೆ ಸಮರ್ಪಿಸಿದಳು. ಎಲ್ಲವೂ ವಿಧಿಯಂತೆ ನಡೆಯಿತು; ಆದರೂ ಬಿಡಾರಕ್ಕೆ ಬಂದವಳು ಊಟ ಒಲ್ಲೆನೆಂದಳು. "ಉಡಿ ತುಂಬಿದೆ, ಖರೆ. ಆದರ ನಡದು ಬಂದಿಲ್ಲ. ಅಕಿ ಕೇಳಿದರ ಏನು ಹೇಳಲಿ?" ಮಾಸ್ತರರು ಅನೇಕ ಸಮಾಧಾನಗಳನ್ನು ಹೇಳಿದರು. ಸಮಾಧಾನಗಳು ಸರಿಯಾಗಿದ್ದವು, ಆಯಿಗೆ ಮಾತ್ರ ಹತ್ತಲಿಲ್ಲ.

ಅಂದು ರಾತ್ರಿ ಕಾಡುದಾರಿಯ ಪಾದಯಾತ್ರಿಗಳು ಬರತೊಡಗಿದರು. ಅವರ ಕಾಲುಗಳು ಬೊಬ್ಬೆಯೆದ್ದಿದ್ದವು, ಹಿಮ್ಮಡಿಗಳು ಬಿರಿದಿದ್ದವು. ಇಂತಹರಿಗೆ ಎಣ್ಣೆ ತಿಕ್ಕಿ ಬಿಸಿನೀರು ಹಾಕುವ ಸೇವೆ ಈ ದಾರಿಯಲ್ಲಿ ಹಿಂದಿನಿಂದಲೂ ನಡೆದುಬಂದಿದೆ. ಆಯಿ ಕೊಬ್ಬರಿ ಎಣ್ಣೆಯ ಬಟ್ಟಲನ್ನು ಹಿಡಿದು ಪಡಸಾಲೆಯ ಅಂಚಿನಲ್ಲಿ ಕುಳಿತಳು. ಹಾದು ಹೋಗುವವರನ್ನು ಕರೆದು ಕೂಡಿಸಿ ಕಾಲು ತಿಕ್ಕತೊಡಗಿದಳು. ವಯಸ್ಸಾದವಳ ಕೈಗೆ ಕಾಲು ಕೊಡಲು ಹುಡುಗರು ಸಂಕೋಚಪಟ್ಟರೆ, "ಕುಂಡರಪಾ, ನನಗ ಕಾಲಿಲ್ಲ, ನಿಮ್ಮವನ್ನರ ಮುಟ್ಟತೀನಿ" ಎನ್ನುವಳು. ಒಬ್ಬೊಬ್ಬರಿಗೂ ಒಂದೇ ಪ್ರಶ್ನೆ: "ಯಾವೂರವ್ರು ನೀವು?"

ನಡುರಾತ್ರಿಯ ಹೊತ್ತಿಗೆ ಏಳೆಂಟು ಮಂದಿಯ ಒಂದು ಗುಂಪು ಬಂದಿತು. ಅವರಲ್ಲಿ ಕಾವಿ ಬಾವುಟ ಹಿಡಿದ ಒಬ್ಬ ಹುಡುಗಿ ಕಾಲು ಚಾಚಿ ಕುಳಿತು ತನ್ನೂರಿನ ಹೆಸರು ಹೇಳಿದಳು. ಅದು ಆಯಿಯ ತವರೂರಿನ ಹೆಸರು.

ಆಯಿಯ ಕೈ ನಿಂತಿತು. "ಅದು ಮುಳಗೇತಲ್ಲವ್ವಾ!"

"ಹಳೇದು ಮುಳಗೇತ್ರೀ ಆಯಿ. ನಾವು ಹೊಸ ಊರಾಗ ಹುಟ್ಟಿದವರು. ಹಳೇದು ನಾವು ನೋಡೇ ಇಲ್ಲ. ಪ್ರತಿ ವರ್ಸ ಊರ ಕಂಬಿ ತಗೊಂಡು ಬರತೀವಿ."

ಆಮೇಲೆ ಆ ಗುಂಪು ಮುಂದಕ್ಕೆ ಹೋಗಲಿಲ್ಲ. ಆಯಿ ಕಾಲು ತಿಕ್ಕುತ್ತಲೇ ಅವರ ಊರನ್ನು ಅವರಿಗೆ ಹೇಳತೊಡಗಿದಳು: ಅಗಸಿಯೊಳಗೆ ಹೊಕ್ಕ ಕೂಡಲೇ ಬಲಕ್ಕೆ ಹನುಮಂತದೇವರ ಕಟ್ಟೆ; ಅದರ ಹಿಂದೆ ಮೆಟ್ಟಲಬಾವಿ; ಬಾವಿಯ ಮೇಲೆ ಬಾಗಿದ ಅತ್ತಿಯ ಮರ; ಸಂತೆಗೆ ಮೊಸರಿನ ಗಡಿಗೆ ಹೊತ್ತು ಹೆಂಗಸರು ಹೋಗುತ್ತಿದ್ದ ಕೊಲ್ಹಾರದ ದಾರಿ. ಹುಡುಗಿ ಒಂದೊಂದನ್ನೇ ಕೇಳುವಳು: ಬಾವಿಗೆ ಎಷ್ಟು ಮೆಟ್ಟಲು? ನಮ್ಮ ಮನೆತನದವರ ಓಣಿ ಯಾವುದು? ಆಯಿಗೆ ಎಲ್ಲವೂ ನೆನಪಿತ್ತು. ಆ ಗುಂಪಿನಲ್ಲಿದ್ದ ಒಬ್ಬನ ಮುತ್ತಜ್ಜನ ಮನೆಯು ಅವಳ ತವರಿನ ಗೋಡೆಗೆ ಗೋಡೆ ಹತ್ತಿದುದಾಗಿತ್ತು. ಮಾಸ್ತರರು ಗಾಡಿಯೊಳಗೆ ಮಲಗಿದ್ದರೂ ನಿದ್ದೆ ಹೋಗಿರಲಿಲ್ಲ. ಕಮಾನಿನ ಕೆಳಗೆ ಎದ್ದು ಕುಳಿತು ಕೇಳುತ್ತಿದ್ದರು. ತಾಯಿಯು ಆ ಊರಿನ ಬಾವಿಯ ಮಾತೆತ್ತಿದುದನ್ನು ಅವರು ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಕೇಳಿರಲಿಲ್ಲ.

ಬೆಳಗಾಗುತ್ತ ಹುಡುಗರು ಗುಡಿಗೆ ಹೊರಟು ನಿಂತರು. ಆಯಿ ಅವರಿಗೆಲ್ಲ ಮಾದಲಿ ಉಣಿಸಿದಳು. ಹುಡುಗಿಗೆ ಕುಂಕುಮ ಹಚ್ಚಿ, ಕುಪ್ಪಸದ ಕಣ ಕೊಟ್ಟಳು. "ಹನ್ನೊಂದನೇದು ನೀವು ನಡದೀರಿ. ದೇವಿ ಮುಂದ ನಿಂತು ಹಂಗಽ ಹೇಳವ್ವಾ" ಎಂದಳು. ಹುಡುಗಿ "ಹೇಳತೀನ್ರೀ. ಪಂಚಮಿಗೆ ನೀವು ಊರಿಗೆ ಬರಬೇಕ್ರಿ ಮತ್ತ" ಎಂದು ಕಾಲು ಮುಟ್ಟಿದಳು. ಆಯಿ ಬರುತ್ತೇನೆಂದಳು, ಬಂದು ಮಗನಿಗೆ ಊಟ ಬಡಿಸಲು ಹೇಳಿದಳು.

ಯುಗಾದಿಯ ಮರುದಿನ ಬಿಡಾರ ಕಿತ್ತರು. ಹೂಡಲು ಅರ್ಧ ದಿನ ಹಿಡಿದುದನ್ನು ಕೀಳಲು ಅರ್ಧ ಗಳಿಗೆ ಸಾಕಾಯಿತು. ತಾಡಪತ್ರಿ ಮಡಚಿದರು, ಗಳುಗಳನ್ನು ಕಟ್ಟಿದರು, ಕಸವನ್ನು ಚೀಲದಲ್ಲಿ ತುಂಬಿ ಗಾಡಿಗೇ ಹಾಕಿಕೊಂಡರು. ಮೊಮ್ಮಗನು ಒಲೆಯ ಕಲ್ಲುಗಳನ್ನು ಎತ್ತಿ ಬದಿಗೆ ಎಸೆಯಹೋದಾಗ ಆಯಿ ತಡೆದಳು. ಆಗಲೇ ಹಿಂದಿನಿಂದ ಇನ್ನೊಂದು ಗಾಡಿ, ತಡವಾಗಿ ಬಂದ ಯಾರೋ, ಆ ಜಾಗ ತೆರವಾಗುವುದನ್ನೇ ಕಾಯುತ್ತ ನಿಂತಿತ್ತು. ಒಳಗಿನಿಂದ ಒಬ್ಬ ಹೆಣ್ಣುಮಗಳು ಇಣಿಕಿ ನೋಡುತ್ತಿದ್ದಳು.

"ಅವನ್ನ ಅಲ್ಲೇ ಬಿಡಪಾ" ಎಂದಳು ಆಯಿ, ಕಮಾನಿನ ಕೆಳಗೆ ತನ್ನ ಕೌದಿಯ ಮೇಲೆ ಕುಳಿತುಕೊಳ್ಳುತ್ತ. "ಅವರಿಗೆ ಬೇಕಾಗತಾವು."